ಕಡಲನ್ನು ವಿಚಾರಿಸಿದ ರೈತ

"ಸರ್, ಸರಳವಾಗಿ ಹೇಳಿದರೆ ಸುಳ್ಳಾಗುತ್ತದೆ. ಪೂರ್ತಿ ಹೇಳಿದರೆ ಮಕ್ಕಳಿಗೆ ತಲೆಬುಡ ತಿಳಿಯುವುದಿಲ್ಲ. ಶುಕ್ರವಾರ ಹೋಗಿ ಯಾವುದನ್ನು ಹೇಳಲಿ?"

ತನ್ನ ಪ್ರಾಧ್ಯಾಪಕ ನಾಡಕರ್ಣಿಯವರನ್ನು ಹೀಗೆ ಕೇಳಿದವಳು ನಿರುಪಮಾ, ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಓದಿನ ಜೊತೆಗೆ ಘಟ್ಟದ ಮೇಲಿನ ಒಂದು ಶಾಲೆಯಲ್ಲಿ ಕಡಲಿನ ಪಾಠ ಹೇಳುವ ಕೆಲಸ ಅವಳ ಪಾಲಿಗೆ ಬಂದಿತ್ತು. ಆ ತರಗತಿಯಲ್ಲಿ ಕಡಲು ಕಂಡ ಮಕ್ಕಳೇ ಇರಲಿಲ್ಲ. ಮೊದಲ ಸಲ ಅವಳು, ಚಂದ್ರ ಎಳೆಯುತ್ತಾನೆ, ನೀರು ಉಬ್ಬುತ್ತದೆ, ದಿನಕ್ಕೆ ಎರಡು ಉಬ್ಬರ ಎಂದಿದ್ದಳು. "ಚಂದ್ರ ಒಬ್ಬನೇ, ಉಬ್ಬರ ಎರಡು ಯಾಕಕ್ಕಾ?" ಎಂದು ಒಬ್ಬ ಹುಡುಗಿ ಕೇಳಿದಳು. ಎರಡನೆಯ ಸಲ ಭೂಮಿ, ಸೂರ್ಯ, ತಳದ ಆಳ, ದಂಡೆಯ ಆಕಾರ ಎಲ್ಲವನ್ನೂ ಹೇಳಿದಳು. ಅದೇ ಹುಡುಗಿ ಮತ್ತೆ ಎದ್ದಳು. "ಪರೀಕ್ಷೆಗೆ ಹೋದ ಸಲದ ಕಡಲು ಬರೀಬೇಕಾ, ಈ ಸಲದ್ದಾ?"

ತರಗತಿ ನಕ್ಕಿತು. ನಿರುಪಮಾಳಿಗೆ ನಗಲಾಗಲಿಲ್ಲ. ಬಸ್ಸು ಘಟ್ಟ ಇಳಿಯುವಾಗ, ಕಡಲು ತನಗಾದರೂ ಗೊತ್ತೇ ಎಂಬ ಅನುಮಾನ ಹತ್ತಿತು. ಮಕ್ಕಳನ್ನು ಇನ್ನೊಮ್ಮೆ ಗಲಿಬಿಲಿಗೊಳಿಸುವುದಕ್ಕಿಂತ ಆ ಶಾಲೆಯನ್ನೇ ಬಿಡುವುದು ಮೇಲು ಎನಿಸಿತು.

ನಾಡಕರ್ಣಿ ಸರ್ ಕನ್ನಡಕ ತೆಗೆದಿಟ್ಟು ಹೇಳತೊಡಗಿದರು.

ಘಟ್ಟದ ಮೇಲೆ ಒಬ್ಬ ರೈತನಿದ್ದ. ಅವನ ಮಗಳಿಗೆ ಕರಾವಳಿಯಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು. ಆದರೆ ಮನೆಯ ಎದುರಿಗೇ ಕಡಲು. ರೈತ ಕಡಲು ಕಂಡವನಲ್ಲ. ಊರಿಗೆ ಉಪ್ಪು, ಒಣಮೀನು ತರುತ್ತಿದ್ದ ವ್ಯಾಪಾರಿಯನ್ನು ಜಗಲಿಯ ಮೇಲೆ ಕೂರಿಸಿ ಕೇಳಿದ.

"ಹುಡುಗನನ್ನು ವಿಚಾರಿಸಿದೆ, ಅವನ ಅಪ್ಪನನ್ನೂ ವಿಚಾರಿಸಿದೆ. ಇನ್ನು ಆ ಕಡಲೊಂದನ್ನು ವಿಚಾರಿಸುವುದು ಉಳಿದಿದೆ. ಅದು ಎಂಥದ್ದು, ಹೇಳಪ್ಪ."

"ನಿಮ್ಮೂರ ಕೆರೆಯ ಹಾಗೆಯೇ ಯಜಮಾನರೇ. ಸ್ವಲ್ಪ ದೊಡ್ಡದು."

ರೈತನಿಗೆ ಸಮಾಧಾನವಾಯಿತು. ಒಪ್ಪಿಗೆಯ ಮಾತು ಕಳಿಸುವುದರಲ್ಲಿದ್ದ. ಅಷ್ಟರಲ್ಲಿ ವ್ಯಾಪಾರಿ ಮತ್ತೆ ಬಂದ. ಈ ಸಲ ಅವನ ಚೀಲಗಳು ಅರ್ಧ ಖಾಲಿ. ಬಿರುಗಾಳಿಗೆ ಕಡಲು ಉಪ್ಪಿನ ಗದ್ದೆಗಳಿಗೆ ನುಗ್ಗಿತ್ತು. ಕಂಡದ್ದನ್ನು ಕಂಡ ಹಾಗೆ ಹೇಳಿದ. ರೈತ ಹೌಹಾರಿದ.

"ಅಂದು ಕೆರೆ ಅಂದೆ, ಇಂದು ರಾಕ್ಷಸ ಅನ್ನುತ್ತೀಯೆ. ಯಾವುದು ಸುಳ್ಳು?"

"ಎರಡೂ ಕಣ್ಣಾರೆ ಕಂಡದ್ದೇ. ನಂಬಿಕೆ ಇಲ್ಲದಿದ್ದರೆ ಗಾಡಿ ಹತ್ತಿ."

ರೈತ ಹತ್ತಿದ. ಅವರು ದಂಡೆ ಮುಟ್ಟಿದಾಗ ಇಳಿತದ ಹೊತ್ತು. ಎದುರಿಗೆ ಬರೀ ಒದ್ದೆ ಮರಳು. ನೀರು ದೂರದಲ್ಲಿ ಒಂದು ಗೆರೆಯಷ್ಟೇ ಕಾಣುತ್ತಿತ್ತು.

"ಎಲ್ಲಯ್ಯ ನಿನ್ನ ಕಡಲು?"

"ಹೋಗಿದೆ. ಬರುತ್ತದೆ."

"ನಿಂತಲ್ಲಿ ನಿಲ್ಲದ ಇದರ ಬಾಗಿಲಿಗೆ ಮಗಳನ್ನು ಕೊಡಲೇ!"

ಅಷ್ಟಂದರೂ ರೈತ ಅಲ್ಲಿಯೇ ಕುಳಿತ. ನೀರು ಬಂತು. ಅವನ ಕಾಲು ತೋಯಿಸಿತು. ಮತ್ತೆ ಹೋಯಿತು. ಅದು ಕೆರೆಯಾಗಿರಲಿಲ್ಲ, ರಾಕ್ಷಸನೂ ಆಗಿರಲಿಲ್ಲ. ಏನೆನ್ನಬೇಕೋ ಅವನಿಗೆ ತೋಚಲಿಲ್ಲ.

ಊರಿಗೆ ಮರಳಿದಾಗ ಮಗಳು ಅಂಗಳದಲ್ಲಿ ಕಾಯುತ್ತಿದ್ದಳು. "ಕಡಲು ಹೇಗಿದೆ ಅಪ್ಪಾ?" ಎಂದಳು. ರೈತ ವ್ಯಾಪಾರಿಯ ಮುಖ ನೋಡಿದ. ವ್ಯಾಪಾರಿ ಎತ್ತುಗಳ ಮುಖ ನೋಡಿದ.

ಸರ್ ಅಲ್ಲಿಗೆ ನಿಲ್ಲಿಸಿದರು. ನಿರುಪಮಾಳ ಗೊಂದಲ ಇನ್ನಷ್ಟು ಹೆಚ್ಚಿತು. ವ್ಯಾಪಾರಿ ಹೇಳಿದ್ದರಲ್ಲಿ ಯಾವುದು ತಪ್ಪು? ಕೆರೆಯೋ, ರಾಕ್ಷಸನೋ? ಎರಡನ್ನೂ ತೂಗಿ ನೋಡಿದಳು. ಯಾವುದೂ ತಪ್ಪಾಗಿ ಕಾಣಲಿಲ್ಲ.

"ಹಾಗಾದರೆ ರೈತ ಆ ಮಗಳಿಗೆ ಏನು ಹೇಳಬೇಕಿತ್ತು ಸರ್?"

"ಹೇಳುವ ಮಾತು ಹಾಗಿರಲಿ, ಅಲ್ಲಿ ಬಾಳಬೇಕಾದವಳನ್ನು ಆ ಗಾಡಿಗೆ ಯಾರೂ ಯಾಕೆ ಹತ್ತಿಸಲಿಲ್ಲ?"