ಹಳೇ ಅಂಚೆ ಬೀದಿಯ ರೊಟ್ಟಿ ದರೋಡೆ

ಇದು ನಡೆದದ್ದು ಕಳೆದ ಡಿಸೆಂಬರ್ ತಿಂಗಳ ಎರಡನೇ ವಾರ. ಪೊಲೀಸರು ಅಪರಾಧ ತಡೆ ಮಾಸಾಚರಣೆ ಮಾಡುವ ತಿಂಗಳು.

ಭಾನುವಾರ ಹೆಡ್ ಕಾನ್‌ಸ್ಟೆಬಲ್ ಸೋಮ್ಲಿಬಾಯಿ ಹಳೇ ಅಂಚೆ ಬೀದಿಗೆ ಬಂದರು. ಜನರನ್ನು ಸೇರಿಸಿ, "ನಿಮಗೆ ಗೊತ್ತಿರುವ ಅಪರಾಧ ಯಾವ್ಯಾವುದು, ಹೇಳಿ" ಎಂದರು. ಟೈಲರ್ ತಿಪ್ಪೇಶಪ್ಪ ಎದ್ದು ನಿಂತು ಉಸಿರು ಬಿಡದೆ ಹೇಳಿದ. ಮನೆಗಳ್ಳತನ, ಸರಗಳ್ಳತನ, ಜೇಬುಗಳ್ಳತನ, ಕೊಲೆ, ಒಟಿಪಿ ಕೇಳಿ ಮಾಡುವ ಮೋಸ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನನ್ನೇ ಬೀದಿಯ ಕಾವಲು ಸಮಿತಿಗೆ ಮುಖ್ಯಸ್ಥನನ್ನಾಗಿ ಮಾಡಿದರು.

ಅಂದಿನಿಂದ ತಿಪ್ಪೇಶಪ್ಪನ ಕಣ್ಣು ಸೂಜಿಯ ಮೇಲೆ ಕಡಿಮೆ, ರಸ್ತೆಯ ಮೇಲೆ ಹೆಚ್ಚು. ಒಂದು ಅಂಗಿಯ ಎರಡೂ ತೋಳುಗಳನ್ನು ಎಡಗೈಗೇ ಕತ್ತರಿಸಿಬಿಟ್ಟ. ಆದರೂ ಬೇಸರವಿರಲಿಲ್ಲ. ಒಬ್ಬ ಕಳ್ಳ ಸಿಕ್ಕರೆ ಸಾಕಿತ್ತು ಅವನಿಗೆ.

ಬುಧವಾರ ಬೆಳಿಗ್ಗೆ ಎದುರು ಮನೆಯ ಗೌರಕ್ಕ ಹೊರಗೆ ಬಂದು, "ನನ್ನ ಹಿತ್ತಾಳೆ ಬೋಗುಣಿ ಕಾಣ್ತಿಲ್ಲ ಕಣ್ರೋ" ಎಂದಳು.

ಅದೇ ಹೊತ್ತಿಗೆ ಬೀದಿಯಲ್ಲಿ ಒಬ್ಬ ಹೊಸಬ ಕಾಣಿಸಿದ. ಹೆಗಲ ಮೇಲೆ ಒಂದು ಚೀಲ, ತಲೆಯ ಮೇಲೆ ಪಾತ್ರೆಗಳ ಬುಟ್ಟಿ. ಪ್ರತಿ ಮನೆಯ ಮುಂದೆ ನಿಲ್ಲುತ್ತಾನೆ, ಒಳಗೆ ಇಣುಕುತ್ತಾನೆ, ಏನೋ ಹೇಳಲು ಬಾಯಿ ತೆರೆಯುತ್ತಾನೆ, ಹೇಳದೆ ಮುಂದೆ ಹೋಗುತ್ತಾನೆ.

ತಿಪ್ಪೇಶಪ್ಪ ಕತ್ತರಿ ಕೆಳಗಿಟ್ಟ. "ಹಿಡೀರಿ ಅವನ್ನ" ಎಂದ.

ಹಿಡಿದರು. ಚೀಲ ಎಳೆದಾಡಿದಾಗ ಹರಿಯಿತು. ಒಳಗಿದ್ದದ್ದು ಹೆಂಗಸರ ತಲೆಗೂದಲು. ಉಂಡೆ ಉಂಡೆ ಕೂದಲು.

"ಮಾಟ ಮಾಡೋನು" ಎಂದು ಗೌರಕ್ಕ ಹಿಂದೆ ಸರಿದಳು.

"ಬಂದವನು ಮಾಟದವನಾದ್ರೆ ಬೋಗುಣಿ ಯಾಕೆ ಒಯ್ತಾನೆ?" ಎಂದು ಯಾರೋ ಕೇಳಿದರು.

"ಮಾಟಕ್ಕೆ ಪಾತ್ರೆ ಬೇಡವಾ?" ಎಂದ ಹಾಲಿನ ಕೊಟ್ರೇಶಿ. ಆ ಮಾತು ಎಲ್ಲರಿಗೂ ಸರಿಯೆನಿಸಿತು.

ಹೊಸಬ ಏನೋ ಹೇಳುತ್ತಲೇ ಇದ್ದ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದುದರಿಂದ ಯಾರಿಗೂ ಕೇಳಿಸಲಿಲ್ಲ. ತಿಪ್ಪೇಶಪ್ಪ ಅಂಗಡಿಯಿಂದ ಲಾಡಿ ತಂದು ಅವನನ್ನು ದೀಪದ ಕಂಬಕ್ಕೆ ಕಟ್ಟಿದ. ಮುಂದಿನದಕ್ಕೆ ಅವನು ಹೇಳಿಕೊಡಬೇಕಾಗಲಿಲ್ಲ. ಒಬ್ಬೊಬ್ಬರೂ ತಮಗೆ ತೋಚಿದ್ದನ್ನು ಮಾಡಿದರು. ಅಷ್ಟೆಲ್ಲ ಆದ ಮೇಲೆ ತಿಪ್ಪೇಶಪ್ಪ ಠಾಣೆಗೆ ಫೋನ್ ಮಾಡಿದ. "ಮೇಡಂ, ನೀವು ಹೇಳಿಕೊಟ್ಟಿದ್ದು ಫಲ ಕೊಡ್ತು. ಬನ್ನಿ" ಎಂದ.

ಸೋಮ್ಲಿಬಾಯಿ ಸ್ಕೂಟರ್ ನಿಲ್ಲಿಸಿ, ಕಂಬವನ್ನು ನೋಡಿದರು, ಗುಂಪನ್ನು ನೋಡಿದರು. ದನಿ ಏರಿಸಲಿಲ್ಲ.

"ಕಟ್ಟಿದ್ದು ಯಾರು?"

"ನಾನೇ ಮೇಡಂ" ಎಂದು ತಿಪ್ಪೇಶಪ್ಪ ಮುಂದೆ ಬಂದ. "ಗಂಟು ನೋಡಿ. ಜಗ್ಗಿದಷ್ಟೂ ಬಿಗಿ ಆಗ್ತದೆ."

ಸೋಮ್ಲಿಬಾಯಿ ಒಂದು ಬೆರಳು ಮಡಚಿದರು. "ಕೆನ್ನೆ ಕೆಂಪಗಿದೆಯಲ್ಲ. ಹೊಡೆದದ್ದು?"

"ನಾನು" ಎಂದ ಕೊಟ್ರೇಶಿ. "ಒಂದೇ ಏಟು ಮೇಡಂ. ಎರಡನೇದು ಬೇಕಾಗ್ಲಿಲ್ಲ."

ಇನ್ನೊಂದು ಬೆರಳು. ಮೇಡಂ ಲೆಕ್ಕ ಇಡುತ್ತಿರುವುದು ಬಹುಮಾನಕ್ಕೆ ಎಂದು ಜನರಿಗೆ ಖಾತ್ರಿಯಾಯಿತು. ಹಿಂದಿದ್ದವರು ಮುಂದೆ ನುಗ್ಗಿದರು.

"ಕೂದಲನ್ನೆಲ್ಲ ಚರಂಡಿಗೆ ಎಸೆದವಳು ನಾನು ಕಣವ್ವ, ಬರ್ಕೋ" ಎಂದಳು ಗೌರಕ್ಕ.

"ವಿಡಿಯೋ ನಂದು" ಎಂದ ಮೊಬೈಲ್ ಅಂಗಡಿಯ ಮನು. "ಕಳ್ಳ ಸಿಕ್ಕ ಅಂತ ಹಾಕಿದೆ. ಆಗ್ಲೇ ನಾಲ್ಕೂರು ಸುತ್ತಿದೆ."

"ಇಲ್ಲಿ ಬಿದ್ದಿರೋ ಬುತ್ತಿ ಬಟ್ಟೆ ಯಾಕೆ ಖಾಲಿ ಇದೆ?" ಎಂದರು ಸೋಮ್ಲಿಬಾಯಿ.

"ಅವನ ರೊಟ್ಟಿ, ಶೇಂಗಾ ಚಟ್ನಿ ಮೇಡಂ. ಏನಾದ್ರೂ ಬೆರೆಸಿದಾನೋ ಅಂತ ತಿಂದು ನೋಡಿದ್ವಿ."

"ಎಷ್ಟು ಜನ ನೋಡಿದ್ರಿ?"

ಆರು ಕೈ ಮೇಲೆದ್ದವು. ಅದರಲ್ಲೊಂದು ತಿಪ್ಪೇಶಪ್ಪನದು. "ಚಟ್ನಿ ಚೆನ್ನಾಗಿತ್ತು" ಎಂದೂ ಒಬ್ಬ ಸೇರಿಸಿದ.

ಅಷ್ಟರಲ್ಲಿ ಗೌರಕ್ಕನ ಗಂಡ ಹಾಲಪ್ಪ ಸೈಕಲ್ ತುಳಿದುಕೊಂಡು ಬಂದ. ಹ್ಯಾಂಡಲಿಗೆ ಹಿತ್ತಾಳೆ ಬೋಗುಣಿ ತೂಗಾಡುತ್ತಿತ್ತು. ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಸಂತೆ ಮೈದಾನಕ್ಕೆ ಕಲಾಯಿಯವನು ಬಂದಿದ್ದ, ಹಾಕಿಸ್ಕೊಂಡು ಬಂದೆ" ಎಂದ. "ಏನಿದು ಗುಂಪು? ಯಾರದಾದ್ರೂ ಮದುವೆನಾ?"

"ಹೇಳಿ ಹೋಗೋಕೆ ಏನಾಗಿತ್ತು ನಿಮಗೆ?" ಎಂದಳು ಗೌರಕ್ಕ.

"ನೀನು ಮಲಗಿದ್ದೆ. ಎಬ್ಬಿಸಿದ್ರೆ ಬೈತೀಯ."

ಯಾರೂ ನಗಲಿಲ್ಲ. ಮೇಲೆ ಉಳಿದಿದ್ದ ಒಂದೆರಡು ಕೈಗಳು ಮೆಲ್ಲಗೆ ಕೆಳಗಿಳಿದವು. ತಿಪ್ಪೇಶಪ್ಪನಿಗೆ ಬಾಯಲ್ಲಿದ್ದ ಚಟ್ನಿಯ ರುಚಿ ಇದ್ದಕ್ಕಿದ್ದಂತೆ ಕಹಿಯಾಯಿತು.

ಸೋಮ್ಲಿಬಾಯಿ ಕಂಬದ ಹತ್ತಿರ ಹೋದರು. "ನಿನ್ನ ಹೆಸರೇನಪ್ಪ?" ಎಂದರು. ಆ ಪ್ರಶ್ನೆಯನ್ನು ಅಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

"ಯಲ್ಲೇಶಿ ರೀ. ಹುಲಿಗೆಮ್ಮನ ಗಂಡ."

ಹೆಂಗಸರು ಮುಖ ಮುಖ ನೋಡಿಕೊಂಡರು. ಹುಲಿಗೆಮ್ಮ ಯಾರಿಗೆ ಗೊತ್ತಿಲ್ಲ? ಉದುರಿದ ಕೂದಲು ತೆಗೆದುಕೊಂಡು ಸ್ಟೀಲ್ ಲೋಟ, ಬಟ್ಟಲು ಕೊಡುವವಳು. ಬೀದಿ ತುಂಬ ಕೂಗಿಕೊಂಡು ಬರುವವಳು.

"ಆಕಿ ಬಾಣಂತಿ ಅದಾಳ್ರಿ. ಅದಕ್ಕ ನಾ ಬಂದೆ" ಎಂದ ಯಲ್ಲೇಶಿ. "ನನಗ ಕೂಗಾಕ ನಾಚಿಕಿ."

ಸೋಮ್ಲಿಬಾಯಿ ಗುಂಪಿನ ಕಡೆ ತಿರುಗಿದರು. ಮಡಚಿದ ಕೈ ತೋರಿಸಿದರು. "ಕಟ್ಟಿಹಾಕಿದ್ದು ಒಂದು ಅಪರಾಧ. ಕೆನ್ನೆಗೆ ಹೊಡೆದದ್ದು ಇನ್ನೊಂದು. ಇವನ ಕೂದಲನ್ನು ಹಾಳು ಮಾಡಿದ್ದು, ಕಳ್ಳ ಅಂತ ಮಾನ ಕಳೆದದ್ದು, ಅವೂ ಅಪರಾಧವೇ. ಇನ್ನು ರೊಟ್ಟಿ. ಐದು ಜನ ಅಥವಾ ಹೆಚ್ಚು ಜನ ಸೇರಿ, ಹೆದರಿಸಿ, ಒಬ್ಬನ ವಸ್ತು ಕಿತ್ತುಕೊಂಡರೆ ಕಾನೂನಿನಲ್ಲಿ ಅದಕ್ಕೆ ದರೋಡೆ ಅಂತಾರೆ."

"ರೊಟ್ಟಿಗೂ ದರೋಡೆನಾ ಮೇಡಂ?" ಎಂದ ಕೊಟ್ರೇಶಿ. ದನಿ ಸಣ್ಣಗಾಗಿತ್ತು.

"ಕಾನೂನು ರೊಟ್ಟಿಯ ರುಚಿ ನೋಡಲ್ಲ. ಏನಪ್ಪಾ ಯಲ್ಲೇಶಿ, ದೂರು ಕೊಡ್ತೀಯಾ?"

ತಿಪ್ಪೇಶಪ್ಪ ಲಾಡಿ ಬಿಚ್ಚಲು ಹೋದ. ತಾನು ಹಾಕಿದ ಗಂಟು ತನಗೇ ಬಿಚ್ಚಲು ಬರಲಿಲ್ಲ. ಕೊನೆಗೆ ಓಡಿಹೋಗಿ ಕತ್ತರಿ ತಂದು ಕತ್ತರಿಸಿದ.

ಯಲ್ಲೇಶಿ ಮಣಿಕಟ್ಟು ಉಜ್ಜಿಕೊಂಡ. "ದೂರು ಆಮ್ಯಾಲೆ ನೋಡೋಣ್ರಿ. ಆ ವಿಡಿಯೋ ನನ್ನ ಹೆಂಡ್ತಿ ನೋಡಿದ್ರ ಹಸಿ ಬಾಣಂತಿ ಎದಿ ಒಡಕೊಳ್ತಾಳ. ಮೊದಲ ಅದನ್ನ ಸರಿ ಮಾಡ್ರಿ."

ಮನು ಮೊಬೈಲ್ ಎತ್ತಿದ. "ಯಾರು ಮಾತಾಡ್ತೀರಿ?"

ಗುಂಪು ಎರಡು ಹೆಜ್ಜೆ ಹಿಂದೆ ಹೋಯಿತು. ತಿಪ್ಪೇಶಪ್ಪನೂ ಹೋಗಬಹುದಿತ್ತು. ಬೀದಿಯಲ್ಲಿ ಅವನಿಗೊಂದು ಮರ್ಯಾದೆ ಬಂದು ಇನ್ನೂ ಮೂರೇ ದಿನವಾಗಿತ್ತು. ಅದನ್ನು ನಾಲ್ಕೂರಿನ ಮುಂದೆ ಕಳೆದುಕೊಳ್ಳಬೇಕು. ಅವನು ಯಲ್ಲೇಶಿಯ ಪಕ್ಕ ನಿಂತ.

"ಇವರು ಯಲ್ಲೇಶಿ. ಕಳ್ಳರಲ್ಲ. ಕೆಲವರಿಂದ ತಪ್ಪಾಗಿದೆ" ಎಂದ.

"ಯಾರಿಂದ?" ಎಂದರು ಸೋಮ್ಲಿಬಾಯಿ.

"ನನ್ನಿಂದ. ಟೈಲರ್ ತಿಪ್ಪೇಶಪ್ಪ, ಹಳೇ ಅಂಚೆ ಬೀದಿ. ಹಿಡೀರಿ ಅಂದವನು ನಾನು. ಕಟ್ಟಿದವನೂ ನಾನೇ."

ಕೊಟ್ರೇಶಿ ತಾನಾಗಿ ಬಂದು ಇನ್ನೊಂದು ಪಕ್ಕ ನಿಂತ. "ಹೊಡೆದವನು ನಾನು. ತಪ್ಪಾಯ್ತಣ್ಣ" ಎಂದ. ಮನು ಮೊದಲು ಕಳಿಸಿದ ಕಡೆಗೆಲ್ಲ ಇದನ್ನೂ ಕಳಿಸಿದ.

ಗೌರಕ್ಕ ಒಳಗೆ ಹೋದಳು. ಗೋಡೆಯ ಸಂದಿಯಲ್ಲಿ ತುರುಕಿಟ್ಟಿದ್ದ ಕೂದಲಿನ ಉಂಡೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಬಂದಳು. ಅದನ್ನು ಕಂಡು ಉಳಿದ ಹೆಂಗಸರೂ ತಮ್ಮ ತಮ್ಮ ಮನೆಗೆ ಹೋಗಿ ಕೂದಲು ತಂದರು. ಹರಿದ ಚೀಲವನ್ನು ತಿಪ್ಪೇಶಪ್ಪ ಎರಡು ಸಲ ಹೊಲಿದು ಕೊಟ್ಟ. ಕೂದಲಿಗೆ ಬದಲಾಗಿ ಯಲ್ಲೇಶಿ ಲೋಟ ಕೊಡಲು ಹೋದರೆ ಯಾರೂ ಮುಟ್ಟಲಿಲ್ಲ.

"ಊಟ ಮಾಡ್ಕೊಂಡು ಹೋಗಪ್ಪ, ಮುದ್ದೆ ಆಗಿದೆ" ಎಂದಳು ಗೌರಕ್ಕ.

"ಯಾರೂ ಕಸಿಯಂಗಿಲ್ಲ ಅಂದ್ರ ಉಣ್ತೀನ್ರಿ" ಎಂದ ಯಲ್ಲೇಶಿ. ಆಗ ಬೀದಿ ನಕ್ಕಿತು. ಅವನು ಉಂಡ, ಕೈ ತೊಳೆದ, ದೂರು ಕೊಡುವುದಿಲ್ಲ ಎಂದು ಸೋಮ್ಲಿಬಾಯಿಗೆ ಹೇಳಿದ.

ನೀತಿ: ಅಪರಾಧವೆಂದರೆ ಬೇರೆಯವರು ಮಾಡುವುದು ಎಂದಷ್ಟೇ ತಿಳಿದವನಿಗೆ ಅಪರಾಧದ ಅರ್ಧ ಪಾಠವೂ ತಿಳಿದಿಲ್ಲ. ಅನುಮಾನ ಬಂದರೆ ಮೊದಲು ಹೆಸರು ಕೇಳಿ, ಆಮೇಲೆ ಠಾಣೆಗೆ ತಿಳಿಸಿ. ಶಿಕ್ಷೆ ಕೊಡುವುದು ನಮ್ಮ ಕೆಲಸವಲ್ಲ. ಆ ಬೆಳಿಗ್ಗೆ ಹಳೇ ಅಂಚೆ ಬೀದಿಯಲ್ಲಿ ಹೊರಗಿನವನು ಮಾಡಿದ ಅಪರಾಧ ಸೊನ್ನೆ. ಬೀದಿಯವರು ಮಾಡಿದ್ದು ಐದು.