ಗೀಜಗಕ್ಕೆ ಸಿಕ್ಕ ಮಳಿಗೆ

ಹಕ್ಕಿಗಳ ಕುಶಲಕಲೆಯ ಸಂತೆಯಲ್ಲಿ ಒಂದೇ ಒಂದು ಮಳಿಗೆ ಉಳಿದಿದೆಯೆಂದು ಕೇಳಿ, ಗೀಜಗವೊಂದು ಅರ್ಧ ಹೆಣೆದ ಗೂಡನ್ನು ಕಚ್ಚಿಕೊಂಡು ಹಾರಿಬಂತು. ಮಳಿಗೆ ಯಾರಿಗೆಂದು ಆಯ್ಕೆ ಮಾಡಲು ಕೂತದ್ದು ಟಿಟ್ಟಿಭ. ಬರೀ ನೆಲದಲ್ಲೇ ಮೊಟ್ಟೆಯಿಡುವ ಆ ಹಕ್ಕಿ ಜನ್ಮದಲ್ಲಿ ಒಂದು ಕಡ್ಡಿ ಹೆಣೆದದ್ದಿಲ್ಲ.

"ಇದೇನು ಅರೆಬರೆ?" ಎಂದಿತು ಟಿಟ್ಟಿಭ.

"ನಮ್ಮಲ್ಲಿ ಅರ್ಧ ಹೆಣೆದು ತೋರಿಸುವುದೇ ವಾಡಿಕೆ ಸ್ವಾಮಿ. ಹೆಣ್ಣು ಒಪ್ಪಿದರೆ ಮುಗಿಸುತ್ತೇವೆ."

"ಇಲ್ಲಿ ಮುಗಿಸಿದರೆ ಒಪ್ಪುತ್ತೇವೆ. ಹೋಗು."

ಗೀಜಗ ಊಟ ನಿದ್ದೆ ಬಿಟ್ಟು ಹೆಣೆದು, ಸಂತೆಯ ದಿನ ಬೆಳಿಗ್ಗೆ ಪೂರ್ತಿ ಗೂಡು ತಂದಿತು.

"ಚೆನ್ನಾಗಿದೆ. ಆದರೆ ನೀನೇ ಹೆಣೆದೆ ಎನ್ನುವುದಕ್ಕೆ ಏನು ಸಾಕ್ಷಿ? ಅರ್ಧ ಹೆಣೆದದ್ದಿದ್ದರೆ ತೋರಿಸು."

ಗೀಜಗಕ್ಕೆ ತಲೆಬುಡ ತಿಳಿಯಲಿಲ್ಲ. ಅಂದು ಮುಗಿಸದೆ ತಂದದ್ದು ತಪ್ಪೋ, ಇಂದು ಮುಗಿಸಿ ತಂದದ್ದು ತಪ್ಪೋ? ಬೇರೇನೂ ತೋಚದೆ ಅಲ್ಲೇ ಕೂತು ಒಂದೊಂದೇ ಎಳೆ ಬಿಚ್ಚತೊಡಗಿತು.

ಅರ್ಧಕ್ಕೆ ಬಂದಾಗ, "ಇಷ್ಟು ಸಾಕೇ ಸ್ವಾಮಿ?" ಎಂದಿತು.

"ಇನ್ನೂ ಸ್ವಲ್ಪ."

ಕೊನೆಯ ಗಂಟೂ ಬಿಚ್ಚಿದ ಮೇಲೆ ಟಿಟ್ಟಿಭ ತಲೆದೂಗಿತು. "ನಿನ್ನ ಕಸುಬು ಕಣ್ಣಾರೆ ಕಂಡೆ. ಮಳಿಗೆ ನಿನ್ನದು."

ಗೀಜಗ ಮಳಿಗೆಯಲ್ಲಿ ಎಳೆಗಳನ್ನೆಲ್ಲ ರಾಶಿ ಹಾಕಿಕೊಂಡು ಕೂತಿತು. ಮೊದಲ ಗಿರಾಕಿಯಾಗಿ ಬಂದ ಹಸು ಮೂಸಿ ನೋಡಿ, "ಹುಲ್ಲು ಹೇಗೆ ಕೊಟ್ಟೆ?" ಎಂದು ಕೇಳಿತು.