ಅಪ್ಪದಮ್ಮನವರು ಕೇಳಿದ ಮೂರು ಭಾನುವಾರ

ನಮ್ಮ ಮನೆತನದ ಬಗ್ಗೆ ಮೊದಲು ನಾಲ್ಕು ಮಾತು ಹೇಳುವುದು ಅಗತ್ಯ. ಅನ್ನಮ್ಮನಪಾಳ್ಯದ ದೇವಾಲಯ ನಿಂತಿರುವ ಜಾಗವನ್ನು ಬಿಟ್ಟುಕೊಟ್ಟವರು ನನ್ನ ಮುತ್ತಾತ, ಉಪದೇಶಿ ಚೌರಪ್ಪನವರು. ಇಂದಿಗೂ ಮೂರು ಹೊತ್ತು ಬಾರಿಸುವ ಗಂಟೆಯ ಅಂಚಿನಲ್ಲಿ ನನ್ನ ತಾತ ರಾಯಪ್ಪನವರ ಹೆಸರಿದೆ. ಏಣಿ ಹತ್ತಿದವರು ಓದಬಹುದು. ನನ್ನ ತಂದೆ ಇಪ್ಪತ್ತೊಂಬತ್ತು ವರ್ಷ ಇಲ್ಲಿನ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಸೋದರತ್ತೆಯರಿಬ್ಬರು ಕನ್ಯಾಸ್ತ್ರೀಯರು, ಚಿಕ್ಕಪ್ಪ ಒಬ್ಬರು ಗುರುಗಳು. ನಾನು ಹತ್ತು ವರ್ಷ ಮೈಸೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ನೆಟ್ಟಗೆ ಕೂರುವುದನ್ನೂ ಪೂರ್ತಿ ವಾಕ್ಯದಲ್ಲಿ ಮಾತನಾಡುವುದನ್ನೂ ನಮಗೆ ಅಲ್ಲಿ ಕಲಿಸಿದರು. ಸಂತ ಯಕೋಬರ ಪತ್ರದಲ್ಲಿ ನಾಲಿಗೆಯ ವಿಷಯವಾಗಿ ಇರುವ ಅಧ್ಯಾಯವನ್ನು ಒಂದು ತಪ್ಪೂ ಇಲ್ಲದೆ ಒಪ್ಪಿಸಿ ಬೆಳ್ಳಿಯ ಪದಕ ಪಡೆದಿದ್ದೇನೆ.

ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಇಂಥ ಮನೆಯ ಹೆಂಗಸು ಒಂದು ಮಾತು ಆಡಿದರೆ ಊರು ಅದನ್ನು ಮರುಪ್ರಶ್ನೆಯಿಲ್ಲದೆ ನಂಬುತ್ತದೆ. ಮುಂದೆ ಹೇಳುವ ಪ್ರಸಂಗ ನಡೆದದ್ದು ಆ ಕಾರಣದಿಂದ.

ಪೂಜ್ಯ ಸಿಸ್ಟರ್ ಕ್ಲೋತಿಲ್ದಾ ಅವರನ್ನು ಊರಿನವರು ಅಪ್ಪದಮ್ಮ ಎಂದು ಕರೆಯುತ್ತಿದ್ದರು. ಬಲಿಪೂಜೆಯಲ್ಲಿ ಗುರುಗಳು ಅರ್ಪಿಸುವ ತೆಳ್ಳನೆಯ ಅಪ್ಪವನ್ನು, ನಾವು ಓಸ್ತಿ ಎನ್ನುವುದನ್ನು, ಸುಡುವುದೇ ಮೂವತ್ತನಾಲ್ಕು ವರ್ಷ ಅವರ ಕೆಲಸವಾಗಿತ್ತು. ಕನ್ಯಾಸ್ತ್ರೀಯರ ಮಠದ ಹಿಂಭಾಗದಲ್ಲಿ, ಸೌದೆ ಕೊಟ್ಟಿಗೆಗೆ ಒತ್ತಿಕೊಂಡು, ಹಂಚು ಹೊದಿಸಿದ ಒಂದು ಸಣ್ಣ ಪಡಸಾಲೆ. ಅಲ್ಲಿ ಇಟ್ಟಿಗೆಯ ಒಲೆ, ಉದ್ದ ಹಿಡಿಯ ಕಬ್ಬಿಣದ ಇಕ್ಕಳ, ಕೂರಲು ಒಂದು ಮಣೆ. ಗೋಧಿ ಹಿಟ್ಟಿಗೆ ನೀರು ಬಿಟ್ಟರೆ ಬೇರೇನೂ ಸೇರುತ್ತಿರಲಿಲ್ಲ. ಹಿಟ್ಟನ್ನು ಇಕ್ಕಳದ ಬಾಯಿಗೆ ಹಾಕಿ ಮುಚ್ಚಿ ಬೆಂಕಿಯ ಮೇಲೆ ಹಿಡಿದರೆ ಒಂದು 'ನಮೋ ಮರಿಯೆ' ಮನಸ್ಸಿನಲ್ಲಿ ಮುಗಿಯುವಷ್ಟರಲ್ಲಿ ಓಸ್ತಿ ಬೇಯುತ್ತಿತ್ತು. ಆದ್ದರಿಂದ ಇಕ್ಕಳ ಬೆಂಕಿಯ ಮೇಲಿರುವಾಗ ಅಮ್ಮನವರು ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಬಿಷಪರೇ ಬಂದು ನಿಂತರೂ ಪ್ರಾರ್ಥನೆ ಮುಗಿಸಿಯೇ ತಲೆಯೆತ್ತಿದರೆಂದು ಹೇಳುತ್ತಾರೆ.

ಮಠದ ಹೊರಮನೆಯಲ್ಲಿ ತೆಕ್ಲಾ ಎಂಬ ಹುಡುಗಿ ಇದ್ದಳು. ತಂದೆತಾಯಿ ಇಲ್ಲದವಳು, ಸಿಸ್ಟರುಗಳ ಕೈಯಲ್ಲೇ ಬೆಳೆದವಳು, ಪೇಟೆಯ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ನಾನು ನನ್ನ ತಂದೆಯವರ ಸಮಾಧಿಗೆ ಹೂ ಇಡಲು ಹೋದಾಗ ಬೇಲಿಯ ಪಕ್ಕದಲ್ಲಿ ಅವಳನ್ನು ಕಂಡೆ. ಮುಂದೆ ಒಂದು ಸಣ್ಣ ಗುಂಡಿ. ಬಿಳಿ ಬಟ್ಟೆ ಸುತ್ತಿದ, ಮೊಳದಷ್ಟು ಉದ್ದದ ಮರದ ಪೆಟ್ಟಿಗೆಯನ್ನು ಅದರೊಳಗೆ ಇಳಿಸಿ, ಮಣ್ಣೆಳೆದು, ಮಂಡಿಯೂರಿ ಅಳುತ್ತಿದ್ದಳು. ನಾನು ಶಿಲುಬೆಯ ಗುರುತು ಮಾಡಿಕೊಂಡು ಹಿಂತಿರುಗಿದೆ. ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದುದಕ್ಕೆ ನನ್ನನ್ನು ನಾನೇ ಮೆಚ್ಚಿಕೊಂಡೆ ಕೂಡ.

ಒಂದು ವರ್ಷದ ಮೇಲೆ ತೆಕ್ಲಾಗೆ ಮದುವೆ ಗೊತ್ತಾಯಿತು. ಹುಡುಗ ಕಲ್ಲುಬಾವಿಯ ಸಿಮಿಯೋನ, ಮರಗೆಲಸದವನು. ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ದೇವಾಲಯದಲ್ಲಿ ಗಂಡುಹೆಣ್ಣಿನ ಹೆಸರನ್ನು ಓದುತ್ತಾರೆ. ಇದಕ್ಕೆ ಓಲೆ ಕೂಗುವುದು ಎನ್ನುತ್ತೇವೆ. ಅಡ್ಡಿ ಏನಾದರೂ ತಿಳಿದಿದ್ದವರು ಗುರುಗಳ ಬಳಿ ಹೋಗಿ, ಗುಟ್ಟಾಗಿ, ತಿಳಿಸಬೇಕು. ಎರಡನೆಯ ಓಲೆ ಕೂಗಿದ ದಿನ ಪೂಜೆ ಮುಗಿದ ಮೇಲೆ ದೇವಾಲಯದ ಮೆಟ್ಟಿಲ ಮೇಲೆ ಹುಡುಗನ ತಾಯಿ ಇನ್ನಾಸಮ್ಮ ನನ್ನ ಕೈ ಹಿಡಿದುಕೊಂಡರು.

"ರೆಜಿನಮ್ಮೋರೆ, ದೊಡ್ಡೋರು ನೀವು. ಹುಡುಗಿ ಹೆಂಗೆ? ಒಂದು ಮಾತು ಹೇಳಿ, ನನ್ ಜೀವಕ್ಕೆ ಸಮಾಧಾನ."

ಸುತ್ತ ಏಳೆಂಟು ಹೆಂಗಸರಿದ್ದರು. ನಾನು ಹೇಳಿದೆ: "ಹುಡುಗಿ ಕೆಲಸಗಾತಿ. ಆದರೆ ಓಲೆ ಕೊಡುವ ಮೊದಲು ಸಮಾಧಿ ಭೂಮಿಯ ಬೇಲಿಯ ಪಕ್ಕದ ಸಣ್ಣ ಗುಂಡಿಯ ಬಗ್ಗೆ ವಿಚಾರಿಸಿದ್ದರೆ ಚೆನ್ನಾಗಿತ್ತು."

"ಯಾವ್ ಗುಂಡಿ? ಯಾರ್ದು?"

"ಅದರೊಳಗಿನ ಮಗುವಿನ ತಾಯಿಯನ್ನೇ ಕೇಳಿ."

ನಾನು ಹೇಳಿದ್ದು ಇಷ್ಟೇ. ಧ್ವನಿ ಏರಿಸಲಿಲ್ಲ, ಕೆಟ್ಟ ಪದ ಬಳಸಲಿಲ್ಲ. ಮುಂದಿನ ಭಾನುವಾರ ಗುರುಗಳು ಬೇರೆ ಎರಡು ಜೋಡಿಗಳ ಓಲೆ ಓದಿ ಕಾಗದ ಮಡಿಸಿಟ್ಟರು. ತೆಕ್ಲಾಳ ಹೆಸರು ಬರಲಿಲ್ಲ. ಹಿಂದೆ ಚಾಪೆಯ ಮೇಲೆ ಕೂರುವ ಹೆಂಗಸರು ತಮ್ಮ ಚಾಪೆಗಳನ್ನು ಅವಳಿಂದ ಒಂದೊಂದು ಮಾರು ಆಚೆಗೆ ಎಳೆದುಕೊಂಡರು. ಅವಳು ಎದ್ದು ಹೋಗಲಿಲ್ಲ. ಬರಿಯ ನೆಲದ ನಡುವೆ ಒಬ್ಬಳೇ ಕುಳಿತು ಪೂಜೆ ಮುಗಿಸಿದಳು.

ನಾನು ಆಗ ಮರಿಯಾ ಸಂಘದ ಅಧ್ಯಕ್ಷೆ. ಮಂಗಳವಾರ ಸೀರೆಯ ಸೆರಗು ಸರಿಪಡಿಸಿಕೊಂಡು ಮಠಕ್ಕೆ ಹೋದೆ. ಮಠದ ಮುಖ್ಯಸ್ಥೆ ಮದರ್ ಊರಿನಲ್ಲಿರಲಿಲ್ಲ. ಹಿಂದಿನ ಪಡಸಾಲೆಗೆ ಹೋಗಿ ಅಪ್ಪದಮ್ಮನವರ ಎದುರು ನಿಂತೇ ಹೇಳಿದೆ.

"ಸಿಸ್ಟರ್, ಮಠದ ಮರ್ಯಾದೆ ಎಂದರೆ ಊರಿನ ಮರ್ಯಾದೆ. ಆ ಹುಡುಗಿಯನ್ನು ಇನ್ನು ಹೊರಮನೆಯಲ್ಲಿ ಇಟ್ಟುಕೊಳ್ಳಬಾರದು. ಸಂಘದ ಪರವಾಗಿ ಹೇಳುತ್ತಿದ್ದೇನೆ."

ಇಕ್ಕಳ ಬೆಂಕಿಯ ಮೇಲಿತ್ತು. ನಾನು ನೀತಿಯ ಬಗ್ಗೆ, ಎಳೆಯ ಹೆಣ್ಣುಮಕ್ಕಳ ಬಗ್ಗೆ, ಕಾನ್ವೆಂಟಿನ ಶಿಸ್ತಿನ ಬಗ್ಗೆ ಹೇಳುತ್ತಲೇ ಇದ್ದೆ. ಅಷ್ಟರಲ್ಲಿ ಅವರು ಹನ್ನೊಂದು ಓಸ್ತಿಗಳನ್ನು ಸುಟ್ಟರು. ಹನ್ನೊಂದನೆಯದನ್ನು ಬುಟ್ಟಿಗೆ ಹಾಕಿ, ಇಕ್ಕಳವನ್ನು ಇಟ್ಟಿಗೆಯ ಮೇಲೆ ಒರಗಿಸಿ, ನನ್ನನ್ನು ನೋಡಿದರು.

"ನೀವು ಏನು ಕಂಡಿರಿ?"

"ಕಂಡದ್ದನ್ನೇ ಹೇಳಿದೆನಲ್ಲ, ಸಿಸ್ಟರ್."

"ಕಂಡದ್ದು ಮಾತ್ರ ಹೇಳಿ."

ಹೇಳಿದೆ. ಗುಂಡಿ, ಪೆಟ್ಟಿಗೆ, ಬಿಳಿ ಬಟ್ಟೆ, ಹುಡುಗಿ, ಅಳು. ಆಮೇಲೆ ಹೇಳಲು ಏನೂ ಉಳಿಯಲಿಲ್ಲ. ಐದಾರು ಪದಗಳಲ್ಲೇ ಮುಗಿದುಹೋದದ್ದು ನನಗೇ ವಿಚಿತ್ರವೆನಿಸಿತು.

"ಆ ಮಗು ಅವಳದಲ್ಲ," ಎಂದರು ಅಮ್ಮನವರು.

ನಡೆದ ಸಂಗತಿಯನ್ನು ಅವರು ಚಿಕ್ಕದಾಗಿ ಹೇಳಿದರು. ಆಸ್ಪತ್ರೆಯಲ್ಲಿ ಹುಟ್ಟಿದ ಮಗು ಗಳಿಗೆ ಹೊತ್ತೂ ಉಳಿಯುವಂತಿರಲಿಲ್ಲ. ಅದರ ತಾಯಿ ಕ್ರೈಸ್ತಳು, ಮದುವೆಯಾಗದವಳು. ಜೀವ ಹೋಗುವ ಶಿಶುವಿಗೆ ಗುರುಗಳು ಇಲ್ಲದಿದ್ದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂದು ನಮ್ಮ ಮಕ್ಕಳಿಗೆಲ್ಲ ಧರ್ಮೋಪದೇಶದಲ್ಲಿ ಕಲಿಸುತ್ತೇವೆ. ತೆಕ್ಲಾ ಲೋಟದ ನೀರನ್ನು ಮಗುವಿನ ತಲೆಗೆ ಹೊಯ್ದು ಜ್ಞಾನಸ್ನಾನ ಕೊಟ್ಟಳು. ಜ್ಞಾನಸ್ನಾನ ಪಡೆದ ಮಗುವನ್ನು ಕಂಡಕಂಡಲ್ಲಿ ಹೂಳಲು ಅವಳಿಗೆ ಮನಸ್ಸಾಗಲಿಲ್ಲ. ಅಂದಿನ ಗುರುಗಳನ್ನು ಕೇಳಿ, ಅಪ್ಪಣೆ ಪಡೆದು, ತಾನೇ ಹೊತ್ತು ತಂದಳು. ಆ ಗುರುಗಳು ಅದೇ ವರ್ಷ ತೀರಿಕೊಂಡಿದ್ದರು. ಬಿಳಿ ಬಟ್ಟೆ ಕೊಟ್ಟವರು ಅಪ್ಪದಮ್ಮನವರು.

"ಹಾಗಾದರೆ ತಾಯಿ ಯಾರು?"

"ಹೇಳುವುದಿಲ್ಲವೆಂದು ತೆಕ್ಲಾ ಆ ತಾಯಿಗೆ ಮಾತು ಕೊಟ್ಟಿದ್ದಾಳೆ. ಮದುವೆ ಮುರಿದರೂ ಮಾತು ಮುರಿದಿಲ್ಲ. ನನಗೂ ಹೇಳಿಲ್ಲ."

"ನಿಮಗೂ ಹೇಳಿಲ್ಲವೆ! ಮತ್ತೆ ನೀವು ಹೇಗೆ ನಂಬಿದಿರಿ? ಸಾಕ್ಷಿ ಏನಿದೆ?"

ಅಮ್ಮನವರು ಬುಟ್ಟಿಯಿಂದ ಒಂದು ಓಸ್ತಿಯನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಅದು ಇನ್ನೂ ಬೆಚ್ಚಗಿತ್ತು.

"ಈಗ ಇದು ಹಿಟ್ಟು, ನೀರು. ನಾಳೆ ಗುರುಗಳು ಯೇಸುಸ್ವಾಮಿಯ ಮಾತು ಹೇಳಿದ ಮೇಲೆ ಇದರ ಮುಂದೆ ಮಂಡಿಯೂರುತ್ತೀರಿ. ಯಾವ ಸಾಕ್ಷಿ ಕೇಳಿದ್ದೀರಿ?"

ಅವರು ಹಾಗೆ ಕೇಳಿ ನಲವತ್ತೆಂಟು ವರ್ಷಗಳಾದವು. ಅಷ್ಟು ಸುಲಭವಾಗಿ ಆಕಾಶದ ಮಾತನ್ನು ನಂಬಿದವಳು ಮೂರು ಮಾರು ದೂರದಲ್ಲಿ ಕೂರುವ ಹುಡುಗಿಯ ಮೌನವನ್ನು ನಂಬಲಿಲ್ಲ. ನನ್ನ ನಂಬಿಕೆ ಪೀಠದ ಕಟಕಟೆಯವರೆಗೆ ಬಂದು ಅಲ್ಲೇ ನಿಂತುಬಿಟ್ಟಿತ್ತು.

"ಪಾಪನಿವೇದನೆ ಮಾಡುತ್ತೇನೆ, ಸಿಸ್ಟರ್," ಎಂದೆ ಕೊನೆಗೆ.

"ಮಾಡಿ. ಅದು ದೇವರಿಗೆ." ಅವರು ಓಸ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ಓಲೆಯನ್ನು ಎಷ್ಟು ಸಲ ಕೂಗುತ್ತಾರೆ?"

"ಮೂರು ಸಲ."

"ಎಲ್ಲರಿಗೂ ಕೇಳಲಿ ಎಂದು ತಾನೇ?"

ಇಕ್ಕಳ ಮತ್ತೆ ಬೆಂಕಿಗೆ ಹೋಯಿತು. ಅಂದರೆ ಮಾತು ಮುಗಿಯಿತು.

ಮುಂದಿನ ಭಾನುವಾರ ಪೂಜೆಯ ನಂತರ ಅದೇ ಮೆಟ್ಟಿಲ ಮೇಲೆ ನಿಂತೆ. ಅಪ್ಪದಮ್ಮನವರು ತೋಳಿಗೆ ಹಿಟ್ಟು ಮೆತ್ತಿಕೊಂಡೇ ಬಂದು ನನಗಿಂತ ಒಂದು ಮೆಟ್ಟಿಲು ಕೆಳಗೆ, ತಪ್ಪು ತಮ್ಮದೇ ಎಂಬಂತೆ, ತಲೆತಗ್ಗಿಸಿ ನಿಂತರು. "ಕುಮಾರಿ ತೆಕ್ಲಾಳ ವಿಷಯವಾಗಿ ನನಗೆ ದೊರೆತ ಮಾಹಿತಿಯಲ್ಲಿ ದೋಷವಿತ್ತೆಂದು ವಿಷಾದದಿಂದ ತಿಳಿಸುತ್ತೇನೆ," ಎಂದೆ.

"ಏನಂತೆ?" ಎಂದಳು ಒಬ್ಬಳು.

"ಅದು ಕಾನ್ವೆಂಟ್ ಕನ್ನಡ ಕಣೆ. ನಮ್ಗಲ್ಲ ಬಿಡು," ಎಂದಳು ಇನ್ನೊಬ್ಬಳು. ನಕ್ಕರು.

ಮೆಟ್ಟಿಲಿಳಿಯುವಾಗ ಅಮ್ಮನವರು ಕೇಳಿದರು: "ಮಾಹಿತಿ ಯಾರು ಕೊಟ್ಟರು?"

"ಯಾರೂ ಇಲ್ಲ."

"ಹಾಗಾದರೆ ಈ ವಾರದ್ದು ಲೆಕ್ಕಕ್ಕೆ ಸೇರುವುದಿಲ್ಲ."

ಹೀಗೆ ನನ್ನ ಮೂರು ಭಾನುವಾರ ನಾಲ್ಕಾದವು. ನನ್ನ ಯಜಮಾನರು ಎರಡನೆಯ ವಾರದಿಂದ ಬೆಳಗಿನ ಮೊದಲ ಪೂಜೆಗೇ ಹೋಗಿ ಬಂದುಬಿಡುತ್ತಿದ್ದರು. ನಾನು ಮಾತ್ರ ನಿಂತೆ. "ತೆಕ್ಲಾ ಸಮಾಧಿಯ ಮುಂದೆ ಅಳುವುದನ್ನು ಕಂಡೆ. ಉಳಿದದ್ದನ್ನು ನಾನೇ ಸೇರಿಸಿದೆ. ನಾನು ಹೇಳಿದ್ದು ಸುಳ್ಳು," ಎಂದೆ. ಹೇಳುವಾಗ ಮೆಟ್ಟಿಲ ಕೆಳಗೆ ಇದ್ದ ಪ್ರತಿಯೊಂದು ಮುಖವನ್ನೂ ನೋಡಿದೆ. ಬೆಳ್ಳಿಯ ಪದಕ ಪಡೆದ ದಿನವೂ ನನ್ನ ನಾಲಿಗೆ ಅಷ್ಟು ಒಣಗಿರಲಿಲ್ಲ.

"ಹಂಗಾರೆ ಮಗ ಯಾರ್ದು, ತಾಯಿ?" ಎಂದಳು ಒಬ್ಬಳು.

"ನನಗೆ ತಿಳಿಯದು. ತಿಳಿಯಬೇಕಾಗಿಯೂ ಇಲ್ಲ."

"ದೊಡ್ಡೋರ ಬಾಯಿ. ಹೆಂಗ್ ಬೇಕೋ ಹಂಗ್ ತಿರುಗ್ತದೆ!"

ಹೌದು ಎಂದು ತಲೆಯಾಡಿಸಿದೆ. ಅದು ನಿಜವೇ ಆಗಿತ್ತು.

ಕೊನೆಯ ಭಾನುವಾರ ಕಲ್ಲುಬಾವಿಯಿಂದ ಇನ್ನಾಸಮ್ಮನೂ ಬಂದಿದ್ದರು. ನನ್ನ ಮಾತು ಮುಗಿಯುವುದನ್ನೇ ಕಾಯುತ್ತಿದ್ದರು.

"ನಿಮ್ ಒಂದ್ ಮಾತಿಗೆ ಮದ್ವೆ ಬಿಟ್ಟೆ ರೆಜಿನಮ್ಮೋರೆ. ಈಗ ನಿಮ್ ಮಾತಿಗೇ ಮತ್ತೆ ಮಾಡ್ಬೇಕಾ?"

"ನನ್ನ ಮಾತಿಗೆ ಮಾಡಬೇಡಿ. ನನ್ನ ಮಾತನ್ನು ಇನ್ನು ಪರೀಕ್ಷಿಸದೆ ತೆಗೆದುಕೊಳ್ಳಲೂ ಬೇಡಿ. ಒಬ್ಬ ತಾಯಿಗೆ ಕೊಟ್ಟ ಮಾತಿಗಾಗಿ ತನ್ನ ಮದುವೆಯನ್ನೇ ಬಿಟ್ಟ ಹುಡುಗಿ ನಿಮ್ಮ ಮನೆಗೆ ಬೇಕೋ ಬೇಡವೋ, ನೀವೇ ಯೋಚಿಸಿ."

ಇನ್ನಾಸಮ್ಮ ದೇವಾಲಯದ ಒಳಗೆ ಹೋಗಿ, ತೆಕ್ಲಾ ಎಂದಿನಂತೆ ಬರಿಯ ನೆಲದ ಮೇಲೆ ಕುಳಿತಿದ್ದಲ್ಲಿ, ಅವಳ ಪಕ್ಕ ಕುಳಿತರು.

ಅಷ್ಟರಲ್ಲಿ ನಲವತ್ತು ದಿನದ ಉಪವಾಸದ ತಪಸ್ಸುಕಾಲ ಬಂದಿತ್ತು, ಆಗ ಮದುವೆ ನಡೆಯುವುದಿಲ್ಲ. ಪಾಸ್ಖ, ಅಂದರೆ ಈಸ್ಟರ್ ಹಬ್ಬ, ಕಳೆದ ಮೇಲೆ ಮೂರನೆಯ ಓಲೆ ಕೂಗಿದರು. ಮದುವೆಯ ಹಿಂದಿನ ದಿನ ನಾನು ಹೊರಮನೆಗೆ ಹೋಗಿ ತೆಕ್ಲಾಳ ಎದುರು ನಿಂತೆ. ಅವಳ ಮುಖ ನೋಡಿದ ಮೇಲೆ ಸಿದ್ಧಪಡಿಸಿಕೊಂಡು ಹೋಗಿದ್ದ ವಾಕ್ಯಗಳು ಬರಲಿಲ್ಲ. "ತಪ್ಪಾಯಿತು," ಎಂದೆ.

"ಆಯ್ತು ಬಿಡೀಮ್ಮಾ," ಎಂದಳು. ಮತ್ತೆ ಸೇರಿಸಿದಳು: "ನಾನು ನಾಳೆಯಿಂದ ಕಲ್ಲುಬಾವಿಯಲ್ಲಿರ್ತೀನಿ. ಆ ಮಗೂಗೆ ಇಲ್ಲಿ ಯಾರೂ ಇಲ್ಲ. ನಿಮ್ಮ ತಂದೆಯವರಿಗೆ ಹೂ ಇಡೋವಾಗ ಅಲ್ಲೂ ಒಂದು ಇಡ್ತೀರಾ?"

ಅಂದಿನಿಂದ ಇಡುತ್ತಿದ್ದೇನೆ. ಮೃತರ ದಿನದಂದು ನನ್ನ ತಂದೆಯವರಿಗೆ ಹಚ್ಚುವ ಮೇಣದಬತ್ತಿಯ ಅಳತೆಯದನ್ನೇ ಅಲ್ಲಿಯೂ ಹಚ್ಚುತ್ತೇನೆ. ಅದು ಯಾರ ಮಗುವೆಂದು ನನಗೆ ತಿಳಿಯದು. ಕೇಳುವ ಆಸೆ ಮೊದಲ ಕೆಲವು ವರ್ಷ ಇತ್ತು, ಸುಳ್ಳು ಹೇಳುವುದಿಲ್ಲ. ಈಗ ಇಲ್ಲ. ಯಾರ ವಿಷಯ ಬಾಯಿಗೆ ಬಂದರೂ, ಕಂಡದ್ದು ಎಷ್ಟು, ಸೇರಿಸಿದ್ದು ಎಷ್ಟು ಎಂದು ಒಂದು 'ನಮೋ ಮರಿಯೆ'ಯಷ್ಟು ಹೊತ್ತು ತಡೆದು ನೋಡುತ್ತೇನೆ. ಹೆಚ್ಚಿನ ಮಾತುಗಳು ಅಷ್ಟರಲ್ಲಿ ತಾವೇ ಬೂದಿಯಾಗುತ್ತವೆ. ಇದು ಅಪ್ಪದಮ್ಮನವರು ನನಗೆ ಕೊಟ್ಟ ಭಿಕ್ಷೆ.

ಅಮ್ಮನವರು ದೈವಾಧೀನರಾಗಿ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ ಕಳೆದ ತಿಂಗಳು ನಮ್ಮ ಸಭಾಂಗಣದಲ್ಲಿ ಸಭೆ ನಡೆಯಿತು. ಧರ್ಮಕೇಂದ್ರ ಮಂಡಳಿಯ ಕಾರ್ಯದರ್ಶಿ ಶ್ರೀ ವಲೇರಿಯನ್ ರಾಯಪ್ಪ, ನನ್ನ ಸ್ವಂತ ತಮ್ಮನ ಮಗ, ವೇದಿಕೆಯ ಮೇಲಿಂದ ಅಮ್ಮನವರ ಕರುಣೆಗೆ ಒಂದು ಉದಾಹರಣೆ ಕೊಟ್ಟರು. ಕಾಲು ಜಾರಿ ಮಗು ಹೆತ್ತ ಹುಡುಗಿಯೊಬ್ಬಳನ್ನು ಕ್ಷಮಿಸಿ, ಗಂಡಿನ ಕಡೆಯವರನ್ನು ಒಪ್ಪಿಸಿ, ಮದುವೆ ಮಾಡಿಸಿದರಂತೆ. ಜನ ಚಪ್ಪಾಳೆ ತಟ್ಟಿದರು. ನಾಲ್ಕನೆಯ ಸಾಲಿನಲ್ಲಿ ತೆಕ್ಲಮ್ಮನವರು ಮೊಮ್ಮಗಳೊಡನೆ ಕುಳಿತಿದ್ದರು. ಆ ಮಗುವಿನ ತಾಯಿಯ ಹೆಸರನ್ನು ಅವರು ಅಂದೂ ಹೇಳಲಿಲ್ಲ.

ಭಕ್ತಿಯಿಂದ ಹೇಳಿದರೂ ಸುಳ್ಳು ಸುಳ್ಳೇ. ಆ ಸುಳ್ಳು ಹುಟ್ಟಿದ್ದು ನನ್ನ ಬಾಯಲ್ಲಿ. ಅದಕ್ಕಾಗಿಯೇ ಈ ವಯಸ್ಸಿನಲ್ಲಿ, ಹೆಸರು ಹಾಕಿ, ಇದನ್ನು ಬರೆದಿದ್ದೇನೆ. ತೆಕ್ಲಮ್ಮನವರು ಯಾವ ತಪ್ಪನ್ನೂ ಮಾಡಲಿಲ್ಲ, ಅಪ್ಪದಮ್ಮನವರು ಅವರನ್ನು ಕ್ಷಮಿಸಲಿಲ್ಲ, ಏಕೆಂದರೆ ಕ್ಷಮಿಸಲು ಏನೂ ಇರಲಿಲ್ಲ.

ಶ್ರೀ ವಲೇರಿಯನ್ ರಾಯಪ್ಪನವರು ಬರುವ ಭಾನುವಾರ ಎರಡನೆಯ ಪೂಜೆಯ ನಂತರ ದೇವಾಲಯದ ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ, ತೆಕ್ಲಮ್ಮನವರ ಕ್ಷಮೆ ಕೇಳಬೇಕು. ಅದರ ಮುಂದಿನ ಎರಡು ಭಾನುವಾರವೂ ಕೇಳಬೇಕು. ಒಂದು ಮೆಟ್ಟಿಲು ಕೆಳಗೆ ನಾನು ನಿಂತಿರುತ್ತೇನೆ.